ಸ್ವಾಮೀಜಿ ಮಂತ್ರಿಗಿರಿ ಕೇಳಿದರೆ ತಪ್ಪೇನು?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ಸರ್ಕಾರ ತಿರುಗಿಯೂ ನೋಡದ ಕಾಲದಲ್ಲಿ ನಮ್ಮ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದು ಮಠಗಳು. ಸ್ವಾಮೀಜಿಗಳು ನಮ್ಮ ಸಮಾಜದ ಒಬ್ಬರಿಗೆ ಮಂತ್ರಿಗಿರಿ ಕೇಳಿದರೆ ನಿಮಗ್ಯಾಕೆ ಸಿಟ್ಟು?"

ಸರ್, ಅನ್ನ, ಅಕ್ಷರದ ಮಾತು ಪೂರ್ತಿ ಒಪ್ಪಿದೆ. ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಆದರೆ ಅನ್ನದ ಋಣವನ್ನು ಮಂತ್ರಿಮಂಡಲದಲ್ಲಿ ತೀರಿಸಬೇಕಾ?

2020ರ ಸಂಕ್ರಾಂತಿ ಹೊತ್ತಿಗೆ ಹರಿಹರದಲ್ಲಿ ನಡೆದದ್ದು ನೆನಪಿದೆ ಅಲ್ವಾ? ಲಿಂಗಾಯತ ಪಂಚಮಸಾಲಿ ಪೀಠದ ವಚನಾನಂದ ಸ್ವಾಮೀಜಿ ಮಾತಾಡುತ್ತಿದ್ದರು, ವೇದಿಕೆ ಮೇಲೆ ಮುಖ್ಯಮಂತ್ರಿ ಯಡಿಯೂರಪ್ಪ ಕೂತಿದ್ದರು. ಮುರುಗೇಶ ನಿರಾಣಿಯವರನ್ನು ಮಂತ್ರಿ ಮಾಡದಿದ್ದರೆ ಸಮಾಜ ನಿಮ್ಮ ಕೈ ಬಿಡುತ್ತದೆ ಎಂಬ ಮಾತು ಬಂದದ್ದೇ ತಡ, ಯಡಿಯೂರಪ್ಪ ಎದ್ದುಬಿಟ್ಟರು. ಹೀಗೆಲ್ಲ ಮಾತಾಡಿದರೆ ನಾನು ಹೊರಡುತ್ತೇನೆ ಅಂದರು. ಅವರು ಎದ್ದದ್ದು ನೂರಕ್ಕೆ ನೂರು ಸರಿ. ಅವರಿಗೆ ವೋಟು ಹಾಕಿದವರಲ್ಲಿ ಎಲ್ಲ ಜಾತಿಯವರಿದ್ದರು, ಯಾವ ಮಠದ ಮೆಟ್ಟಿಲೂ ಹತ್ತದವರಿದ್ದರು.

ಬೇಜಾರಾಗುವುದು ಆಮೇಲಿನ ಕಥೆಗೆ. ಮರುವರ್ಷ ನಿರಾಣಿ ಮಂತ್ರಿಯಾದರು. ಅದೇ ವರ್ಷದ ಜುಲೈನಲ್ಲಿ ಯಡಿಯೂರಪ್ಪನವರ ಕುರ್ಚಿ ಅಲ್ಲಾಡಿದಾಗ ಸ್ವಾಮೀಜಿಗಳು ಸಾಲುಗಟ್ಟಿ ಅವರ ನಿವಾಸ 'ಕಾವೇರಿ'ಗೆ ಬಂದು, ಇವರನ್ನು ಇಳಿಸಬೇಡಿ ಅಂದರು. ಆಗ ಅದು ಒತ್ತಡ ಅಂತ ಯಡಿಯೂರಪ್ಪನವರಿಗೆ ಅನ್ನಿಸಲಿಲ್ಲ. ಇನ್ನು 2024ರ ಕೆಂಪೇಗೌಡ ಜಯಂತಿಯಲ್ಲಿ ಒಕ್ಕಲಿಗ ಮಠದ ಚಂದ್ರಶೇಖರನಾಥ ಸ್ವಾಮೀಜಿ, ಸಿದ್ದರಾಮಯ್ಯನವರ ಎದುರಿಗೇ, ಮುಖ್ಯಮಂತ್ರಿ ಸ್ಥಾನ ಡಿ.ಕೆ. ಶಿವಕುಮಾರ್‌ಗೆ ಬಿಟ್ಟುಕೊಡಿ ಅಂದರು. ಸಿದ್ದರಾಮಯ್ಯ ಹೈಕಮಾಂಡ್ ಹೇಳಿದಂತೆ ಅಂದರು. ಮಠ ಬಿಟ್ಟರೆ ದೆಹಲಿ! ನಾವು ಆರಿಸಿ ಕಳಿಸಿದ 224 ಶಾಸಕರು ಇರುವುದು ಯಾತಕ್ಕೆ?

1960ರಲ್ಲಿ ಕೆನಡಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಾಗ, ಈ ಕ್ಯಾಥೊಲಿಕ್ ಮನುಷ್ಯ ಪೋಪ್ ಹೇಳಿದಂತೆ ಕುಣಿಯುತ್ತಾನೆ ಅನ್ನುವ ಗುಮಾನಿ ಎದ್ದಿತ್ತು. ಅವರು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳ ಮುಂದೆಯೇ ನಿಂತು, ಸಾರ್ವಜನಿಕ ವಿಷಯದಲ್ಲಿ ನನ್ನ ಚರ್ಚಿನ ಪರವಾಗಿ ನಾನು ಮಾತಾಡುವುದಿಲ್ಲ, ನನ್ನ ಪರವಾಗಿ ಚರ್ಚೂ ಮಾತಾಡುವುದಿಲ್ಲ ಎಂದರು. ನಮ್ಮಲ್ಲಿ ಯಾವ ಪಕ್ಷದವರು ಹೀಗೆ ಹೇಳಿಯಾರು, ನೀವೇ ಹೇಳಿ.

ಸ್ವಾಮೀಜಿಗಳನ್ನಷ್ಟೇ ದೂರುವುದೂ ನ್ಯಾಯವಲ್ಲ. ಬಜೆಟ್‌ನಲ್ಲಿ ಮಠಗಳಿಗೆ ಕೋಟಿಗಟ್ಟಲೆ ಅನುದಾನ ಇಟ್ಟವರು ಯಾರು? ಟಿಕೆಟ್ ಬೇಕಾದಾಗ ಕಾಲಿಗೆ ಬೀಳುವವರು ಯಾರು? ಬಿದ್ದ ಫೋಟೋವನ್ನು ಮುಖಪುಟಕ್ಕೆ ಹಾಕುವವರು ನಾವು ಪತ್ರಿಕೆಯವರು. ಭಯ, ಪಕ್ಷಪಾತವಿಲ್ಲದೆ ಕೆಲಸ ಮಾಡುತ್ತೇನೆ ಎಂದು ಪ್ರಮಾಣ ಮಾಡುವ ಮಂತ್ರಿ, ಮರುದಿನವೇ ಕಾರು ಹತ್ತಿ ಮಠದ ಅಂಗಳದಲ್ಲಿ ಇಳಿಯುತ್ತಾರೆ.

ನೀವು ಸಮಾಜದ ಬಗ್ಗೆ ಕಾಳಜಿ ಇರುವವರು, ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾದರೆ ಸ್ವಾಮೀಜಿ ಕೇಳಲಿ ಅಂತ ಯಾಕೆ ಕಾಯಬೇಕು? ಬೆಳೆವಿಮೆ ಯಾಕೆ ಬಂದಿಲ್ಲ, ಶಾಲೆಗೆ ಮೇಷ್ಟ್ರು ಯಾಕಿಲ್ಲ ಅಂತ ಶಾಸಕರನ್ನು ನೀವೇ ನಿಲ್ಲಿಸಿ ಕೇಳಿ. ಅವರ ಉತ್ತರ ಬರೆದು ಕಳಿಸಿ, ಖಂಡಿತ ಹಾಕುತ್ತೇವೆ.

– ಸಂಪಾದಕ