ತೋಟದ ಕೆಲಸದ ಮೂಲಕ ದೊಡ್ಡವರಿಗೆ ಹೊಸ ಭಾಷೆ ಕಲಿಸಬಹುದಾ?

ಕಲಿಸಬಹುದು. ಕನ್ನಡ ಗೊತ್ತಿಲ್ಲದ ದೊಡ್ಡವರಿಗೆ ನಾನು ಕೆಲವು ವರ್ಷ ಹೀಗೇ ಕಲಿಸಿದ್ದೇನೆ. ಆದರೆ ಎಲ್ಲರನ್ನೂ ಒಂದು ತೋಟಕ್ಕೆ ಬಿಟ್ಟರೆ ಮಾತು ತಾನಾಗಿ ಬರುತ್ತೆ ಅಂದುಕೊಂಡಿದ್ದರೆ, ಬರಲ್ಲ. ಮೊದಲ ದಿನ ನಾನು ಒಬ್ಬೊಬ್ಬರಿಗೂ ಒಂದೊಂದು ಕುರ್ಪಿ ಕೊಟ್ಟೆ. ಒಂದೂವರೆ ಗಂಟೆ ತಲೆ ಬಗ್ಗಿಸಿ ಕಳೆ ಕಿತ್ತರು. ಮಡಿ ಚೊಕ್ಕಟವಾಯಿತು, ಬಾಯಿ ಮಾತ್ರ ಯಾರೂ ಬಿಡಲಿಲ್ಲ!

ಮುಂದಿನ ವಾರ ಇಬ್ಬರಿಗೆ ಒಂದು ಕುರ್ಪಿ, ಇಡೀ ಗುಂಪಿಗೆ ಒಂದೇ ನೀರಿನ ಕ್ಯಾನ್ ಇಟ್ಟೆ. ಈಗ ಕೇಳದೆ ವಿಧಿಯಿಲ್ಲ ಅಲ್ವಾ? 'ಕುರ್ಪಿ ಕೊಡಿ', 'ಸ್ವಲ್ಪ ಇರಿ', 'ನಿಮ್ಮದು ಮುಗೀತಾ?' ಶುರುವಾಯಿತು. ಬೀಜ ಹಾಕುವಾಗಲೂ ಅದೇ ಉಪಾಯ. ಪ್ಯಾಕೆಟ್ ಓದುವವರು ಒಬ್ಬರು, ಬಿತ್ತುವವರು ಇನ್ನೊಬ್ಬರು. ಬಿತ್ತುವವರು ಪ್ಯಾಕೆಟ್ ನೋಡುವ ಹಾಗಿಲ್ಲ. ಎಷ್ಟು ಆಳ, ಎಷ್ಟು ದೂರ, ದಿನಕ್ಕೆ ಎಷ್ಟು ಸಲ ನೀರು, ಎಲ್ಲ ಕೇಳಿಯೇ ತಿಳಿಯಬೇಕು. ಅಂಕಿಗಳನ್ನು ಬೇರೆ ಕೂತು ಕಲಿಸುವ ಕೆಲಸವೇ ಉಳಿಯಲಿಲ್ಲ.

ಮೊದಲೆರಡು ವಾರ ಮಾತಾಡಿ ಅಂತ ಒತ್ತಾಯ ಮಾಡಬೇಡಿ. 'ಮಣ್ಣು ಸಡಿಲ ಮಾಡಿ' ಅಂತ ಹೇಳುತ್ತಾ ನೀವು ಮಾಡಿ ತೋರಿಸಿ, ಅವರು ಸುಮ್ನೆ ಮಾಡಲಿ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದ 'ಟೋಟಲ್ ಫಿಸಿಕಲ್ ರೆಸ್ಪಾನ್ಸ್' ವಿಧಾನವೂ ಇದೇ. ಹೇಳಿದ್ದನ್ನು ಮೊದಲು ಮೈ ಕೈಯಲ್ಲಿ ಮಾಡುವುದು, ಮಾತು ಆಮೇಲೆ. ದೊಡ್ಡವರಿಗೆ ತಪ್ಪು ಮಾತಾಡುವ ನಾಚಿಕೆ ಜಾಸ್ತಿ. ಕೈಯಲ್ಲಿ ಕೆಲಸ ಇದ್ದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ.

ಮೂಲಂಗಿಯಿಂದ ಶುರು ಮಾಡಿ. ನಾಲ್ಕೈದು ದಿನಕ್ಕೆ ಮೊಳಕೆ, ತಳಿ ನೋಡಿಕೊಂಡು ಒಂದರಿಂದ ಎರಡು ತಿಂಗಳಿಗೆ ಗಡ್ಡೆ. ಜನರ ಆಸಕ್ತಿ ಇಳಿಯುವ ಮೊದಲೇ ಬೆಳೆ ಕೈಗೆ ಬರುತ್ತದೆ. ಪ್ರತಿ ವಾರ ಒಂದೆರಡು ಸಾಲು ಬರೆಸಿ: ಹೋದ ವಾರ ಏನು ಮಾಡಿದೆ, ಈಗ ಏನಾಗಿದೆ, ಮುಂದೆ ಏನು ಮಾಡುತ್ತೇನೆ. ಭೂತ, ವರ್ತಮಾನ, ಭವಿಷ್ಯ ಮೂರೂ ಆ ಮಡಿಯಲ್ಲೇ ಇವೆ. ಒಬ್ಬರು 'ನಾನು ಮೊಳಕೆ ಬಂದೆ' ಅಂತ ಬರೆದಿದ್ದರು. ತಿದ್ದಲು ನನಗಂತೂ ಮನಸ್ಸಾಗಲಿಲ್ಲ. ವಿಭಕ್ತಿಗಳನ್ನೂ ಹೀಗೇ ದಾಟಿದೆವು: ಗಿಡಕ್ಕೆ ನೀರು, ಗಿಡದಿಂದ ಕಾಯಿ, ಗಿಡದಲ್ಲಿ ಹುಳ.

ಅರ್ಜಿ ತುಂಬುವುದು, ಫೋನಿನಲ್ಲಿ ಮಾತಾಡುವುದು ತೋಟದಲ್ಲಿ ಬರಲ್ಲ. ಅದಕ್ಕೆ ಬೇರೆ ತರಗತಿ ಬೇಕೇ ಬೇಕು.

ಇನ್ನೊಂದು ಮಾತು. ಗುಂಪಿನಲ್ಲಿ ಬೇಸಾಯ ಮಾಡಿದವರು ಇದ್ದಾರಾ ನೋಡಿಕೊಳ್ಳಿ. ನಮ್ಮಲ್ಲಿ ಒಬ್ಬ ಹಿರಿಯರು ಆರು ವಾರ ತುಟಿ ಬಿಚ್ಚಿರಲಿಲ್ಲ. ಒಂದು ದಿನ ನಾನು ಬೀಜವನ್ನು ಬೆರಳುದ್ದ ಕೆಳಗೆ ತಳ್ಳಿದ್ದು ನೋಡಿ ನನ್ನ ಕೈ ಹಿಡಿದುಕೊಂಡರು. 'ಬೇಡ ಬೇಡ! ಆಳ ಜಾಸ್ತಿ. ಬೀಜ ಚಿಕ್ಕದು.' ಆಮೇಲಿಂದ ನಾನು ಪ್ರತಿ ತರಗತಿಯಲ್ಲೂ ಬೇಕಂತಲೇ ಒಂದೆರಡು ತಪ್ಪು ಮಾಡುತ್ತೇನೆ.