ಹೊರಗಿನ ಚಿಪ್ಪುಜೀವಿ ಬಂದರೆ ಏಡಿಗೆ ಆಹಾರ ಹೆಚ್ಚಾಗುತ್ತದಲ್ಲ, ಅಘನಾಶಿನಿ ನದಿಯ ಬಳಚಿಗೇನು (ಕೆಸರಲ್ಲಿ ಬಾಳುವ ಸ್ಥಳೀಯ ಚಿಪ್ಪುಜೀವಿಗೇನು) ನಷ್ಟ?

ಮೊದಮೊದಲು ಏಡಿಗೆ ಲಾಭವಾಗಬಹುದು. ಬಳಚಿನ ಸಂಕಟ ಶುರುವಾಗುವುದೂ ಅಲ್ಲಿಂದಲೇ.

ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಹಬ್ಬಿರುವ, ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಮೈಟೆಲ್ಲಾ ಸ್ಟ್ರೈಗೇಟಾ ಎಂಬ ಚಿಪ್ಪುಜೀವಿಯನ್ನೇ ನೋಡಿ. ಬಂಡೆಗೆ ಅಂಟಿ ಬೆಳೆಯುವ ನಮ್ಮ ನೀಲಿಕಲ್ಲು ಚಿಪ್ಪಿನ ದೂರದ ಬಂಧು. ಬಳಚು ಕೆಸರಲ್ಲಿ ಹುದುಗಿದ್ದು, ಪುಟ್ಟ ಕೊಳವೆಯನ್ನಷ್ಟೇ ಮೇಲೆ ಚಾಚಿ ನೀರು ಸೋಸಿ ತಿನ್ನುತ್ತದೆ. ಈ ಹೊಸಬ ನಾರಿನಂಥ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡು ಕೆಸರಿನ ಮೇಲೆ ದಪ್ಪ ಚಾಪೆ ಹಾಸುತ್ತದೆ. ಕೆಳಗಿರುವ ಬಳಚಿಗೆ ಉಸಿರು ಕಟ್ಟುತ್ತದೆ, ನೀರಿನ ಸೂಕ್ಷ್ಮ ಪಾಚಿಯೂ ಮೇಲೆಯೇ ಖಾಲಿ. ಮರಿ ಬಳಚಿಗೆ ನೆಲೆಯೂರಲು ತೆರೆದ ಕೆಸರೇ ಉಳಿಯುವುದಿಲ್ಲ.

ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಹೊಸ ಆಹಾರ ತಿಂದು ಏಡಿಗಳು ಹೆಚ್ಚಿದರೆ, ಅಳಿದುಳಿದ ಬಳಚನ್ನೂ ಅವೇ ಒಡೆದು ತಿನ್ನುತ್ತವೆ. ಹೊಸಬ ಬೇಗ ಬೆಳೆದು ನಷ್ಟ ತುಂಬಿಕೊಳ್ಳುತ್ತಾನೆ, ಬಳಚಿಗೆ ಆ ವೇಗವಿಲ್ಲ.

ಇಂಥ ಹೊಸಬರು ಬರುವುದು ಹಡಗಿನ ತಳಕ್ಕೆ ಅಂಟಿಕೊಂಡು, ಇಲ್ಲವೇ ಬ್ಯಾಲಾಸ್ಟ್ ನೀರಿನಲ್ಲಿ, ಅಂದರೆ ಹಡಗು ಸಮತೋಲನಕ್ಕಾಗಿ ಒಳಗೆ ತುಂಬಿಕೊಳ್ಳುವ ನೀರಿನಲ್ಲಿ. ಬ್ಯಾಲಾಸ್ಟ್ ನೀರಿಗೆ 2017ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ನಿಯಮ ಜಾರಿಯಲ್ಲಿದೆ. ದೋಣಿಯ ತಳ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಕಾರವಾರ, ತದಡಿಯಲ್ಲಿ ದೋಣಿ ಮೇಲೆಳೆದು ಕೆರೆದ ಚಿಪ್ಪನ್ನು ದಯವಿಟ್ಟು ನೀರಿಗೆ ಎಸೆಯಬೇಡಿ. ಭರತದ ನೀರು ಮುಟ್ಟದಷ್ಟು ಮೇಲೆ, ತೆಳ್ಳಗೆ ಹರವಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ರಾಶಿ ಹಾಕಿದರೆ ಒಳಗಿನವು ಬಾಯಿ ಮುಚ್ಚಿಕೊಂಡು ತೇವ ಹಿಡಿದು ಬದುಕುತ್ತವೆ.