ಕರ್ನಲ್ ಬಿದ್ದರೆ ಮೊದಲು ವಿಳಾಸ ನೋಡಿ

ಪ್ರಶ್ನೆ: ಅಕ್ಕಿ ಗಿರಣಿಯ ಆಫೀಸಿನ ಲಿನಕ್ಸ್ ಸರ್ವರ್ ಮಧ್ಯಾಹ್ನದ ಹೊತ್ತು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಕ್ರ್ಯಾಶ್ ಆದಾಗಿನ ಮೆಮೊರಿಯನ್ನು ಉಳಿಸುವ ಕೆಡಂಪ್ ಹಾಕಿದ್ದರೂ ಕ್ರ್ಯಾಶ್ ಫೋಲ್ಡರ್ ಖಾಲಿ. ಯಾಕೆ?
– ಓದುಗರು, ಗಂಗಾವತಿ

ಉತ್ತರ: ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಸರಿಪಡಿಸಲಾಗದ ದೋಷ ಕಂಡು ತಾನೇ ನಿಂತರೆ ಮಾತ್ರ ಡಂಪ್ (ಆ ಹೊತ್ತಿನ ಮೆಮೊರಿಯ ಪ್ರತಿ) ಸಿಗುತ್ತದೆ. ಕರೆಂಟ್ ಹೋದರೆ, ಅಥವಾ ಪ್ರೊಸೆಸರ್ ವಿಪರೀತ ಕಾದು ಹಾರ್ಡ್‌ವೇರೇ ಯಂತ್ರವನ್ನು ನಿಲ್ಲಿಸಿದರೆ, ಏನನ್ನಾದರೂ ಬರೆದಿಡಲು ಕರ್ನಲ್‌ಗೆ ಪುರಸೊತ್ತೇ ಇರುವುದಿಲ್ಲ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಿರಣಿಯ ಧೂಳು ಹೀಟ್‌ಸಿಂಕಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಫ್ಯಾನ್, ಯುಪಿಎಸ್ ಮೊದಲು ನೋಡಿ.

ಅವೆರಡೂ ಸರಿಯಿದ್ದರೆ ಸಿಸ್ ಡೈರೆಕ್ಟರಿಯ ಕರ್ನಲ್ ಫೋಲ್ಡರಿನಲ್ಲಿ ಕೆಎಕ್ಸೆಕ್-ಕ್ರ್ಯಾಶ್-ಲೋಡೆಡ್ ಫೈಲ್ ತೆರೆಯಿರಿ. 1 ಇರಬೇಕು. 0 ಇದ್ದರೆ ಡಂಪ್ ಬರೆಯಬೇಕಾದ ಎರಡನೇ ಕರ್ನಲ್ ಲೋಡ್ ಆಗಿಲ್ಲ ಎಂದರ್ಥ. ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳು) ಅದಕ್ಕೆ ಮೆಮೊರಿ ಕಾದಿರಿಸುವ ಕ್ರ್ಯಾಶ್‌ಕರ್ನಲ್‌ಗೆ 256 ಎಂಬಿ ಕೊಟ್ಟು ರೀಬೂಟ್ ಮಾಡಿ. ರೀಬೂಟ್ ಆಗದೆ ಈ ಜಾಗ ಮೀಸಲಾಗದು. ಡ್ರೈವರ್‌ಗಳು ಜಾಸ್ತಿ ಇದ್ದರೆ ಇದೂ ಸಾಲದೆ ಎರಡನೇ ಕರ್ನಲ್ಲೇ ಮೆಮೊರಿ ಮುಗಿದು ಬೀಳಬಹುದು, ಆಗ ಹೆಚ್ಚಿಸಿ. ಕೊನೆಗೆ ಎಲ್ಲರನ್ನೂ ಲಾಗೌಟ್ ಮಾಡಿಸಿ, ಸಿಸ್‌ಆರ್‌ಕ್ಯೂ ಟ್ರಿಗರ್ ಎಂಬ ಫೈಲಿಗೆ ಸಿ ಅಕ್ಷರ ಬರೆದು ಪರೀಕ್ಷಿಸಿ. ಯಂತ್ರ ನಿಜವಾಗಿಯೇ ಬೀಳುತ್ತದೆ, ಕೆಲಸದ ಹೊತ್ತಿನಲ್ಲಿ ಬೇಡ.

ಪ್ರಶ್ನೆ: ಡಂಪ್ ಸಿಕ್ಕಿದೆ, ಆದರೆ ಡಂಪ್ ಓದುವ ಕ್ರ್ಯಾಶ್ ಟೂಲ್ ಅದನ್ನು ತೆರೆಯುವುದಿಲ್ಲ.
– ವಿದ್ಯಾರ್ಥಿನಿ, ರಾಯಚೂರು

ಉತ್ತರ: ಡಂಪ್ ಜೊತೆ ನೀವು ಬೂಟ್ ಫೋಲ್ಡರಿನ ವಿಎಂಲಿನಜ್ ಎಂಬ ಕರ್ನಲ್ ಫೈಲ್ ಕೊಟ್ಟಿರಬಹುದು. ಅದು ಕುಗ್ಗಿಸಿದ ಫೈಲ್, ವಿಳಾಸಗಳನ್ನು ಕೋಡಿನ ಹೆಸರುಗಳಿಗೆ ಹೊಂದಿಸುವ ಡಿಬಗ್ ಮಾಹಿತಿ ಅದರಲ್ಲಿಲ್ಲ. ಡಿಬಗ್ ಪ್ಯಾಕೇಜಿನ ವಿಎಂಲಿನಕ್ಸ್ ಬೇಕು, ಅದೂ ಬಿದ್ದ ಕರ್ನಲ್‌ನ ಅದೇ ಬಿಲ್ಡ್‌ನದು. ಆವೃತ್ತಿಯಲ್ಲಿ ಒಂದಂಕಿ ಬೇರೆಯಾದರೂ ಕೆಲಸ ಕೆಡುತ್ತದೆ.

ಪ್ರಶ್ನೆ: ಕರ್ನಲ್ ದೋಷ ಕಂಡಾಗ ತೋರಿಸುವ ಊಪ್ಸ್ ಸಂದೇಶದ ಉದ್ದುದ್ದ ಮೆಮೊರಿ ವಿಳಾಸಗಳನ್ನು ಓದುವುದು ಹೇಗೆ?
– ಓದುಗರು, ಬಳ್ಳಾರಿ

ಉತ್ತರ: ವಿಳಾಸ ಯಾವ ವಲಯದ್ದು ಎಂದು ತಿಳಿದರೆ ಅರ್ಧ ತನಿಖೆ ಮುಗಿದಂತೆ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ನಾಲ್ಕು ಹಂತದ ಪೇಜಿಂಗ್ (ವಿಳಾಸವನ್ನು ಮೆಮೊರಿಗೆ ಹೊಂದಿಸುವ ಕ್ರಮ) ಇದ್ದರೆ ಕೆಳಗಿನ 128 ಟಿಬಿ ಬಳಕೆದಾರರ ಪ್ರೋಗ್ರಾಂಗಳಿಗೆ, ಮೇಲಿನ 128 ಟಿಬಿ ಕರ್ನಲ್‌ಗೆ. ನಡುವೆ ಯಾರಿಗೂ ಸಲ್ಲದ ದೊಡ್ಡ ಖಾಲಿ. ವಿಳಾಸಗಳು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತವೆ. ಬೂಟ್ ಆದಾಗಲೆಲ್ಲ ಕರ್ನಲ್‌ನ ಜಾಗ ಬದಲಿಸುವ ಕೆಎಎಸ್‌ಎಲ್‌ಆರ್ ಚಾಲೂ ಇರುವಾಗ ಎಂಟು ಎಫ್ ಆದಮೇಲೆ 8ರಿಂದ ಬಿ ವರೆಗಿನ ಅಂಕೆ ಬಂದರೆ ಕರ್ನಲ್‌ನ ಸ್ವಂತ ಕೋಡ್ ಅಥವಾ ಡೇಟಾ. ಸಿ ಬಂದರೆ ಸಾಮಾನ್ಯವಾಗಿ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಆಮೇಲೆ ಸೇರಿಸಿದ ತುಂಡು. ಆಗ ಹೊರಗಿನಿಂದ ಹಾಕಿದ ಡ್ರೈವರ್ ಮೇಲೆ ಕಣ್ಣಿಡಿ.

ಸೊನ್ನೆಗಳ ಸಾಲಿನ ಕೊನೆಗೆ 18 ಎಂದಿದ್ದರೆ ನಲ್ ಪಾಯಿಂಟರ್, ಅಂದರೆ ಯಾವ ಜಾಗವನ್ನೂ ತೋರಿಸದ ಖಾಲಿ ಪಾಯಿಂಟರ್. ಹೆಕ್ಸ್ 18 ಎಂದರೆ 24: ಖಾಲಿ ಪಾಯಿಂಟರ್ ಹಿಡಿದು ಸ್ಟ್ರಕ್ಚರಿನ (ಹಲವು ಫೀಲ್ಡ್‌ಗಳ ಗುಂಪು) 24ನೇ ಬೈಟಿನ ಫೀಲ್ಡ್ ಮುಟ್ಟಲು ಹೋಗಿದ್ದಾರೆ. ಅದು ಯಾವ ಫೀಲ್ಡ್ ಎಂದು ಕ್ರ್ಯಾಶ್ ಟೂಲಿನಲ್ಲಿ ಸ್ಟ್ರಕ್ಟ್ ಕಮಾಂಡಿಗೆ ಓ ಆಯ್ಕೆ ಕೊಟ್ಟು ನೋಡಿ. ರಿಜಿಸ್ಟರಿನಲ್ಲಿ ಡಿ-ಇ-ಎ-ಡಿ ಎಂದು ಶುರುವಾಗುವ ಬೆಲೆ ಕಂಡರೆ, ಲಿಸ್ಟಿನಿಂದ ಆಗಲೇ ತೆಗೆದ ನೋಡನ್ನು ಮತ್ತೆ ಮುಟ್ಟಿದ್ದಾರೆ.

ಒಂದನ್ನೊಂದು ಕರೆದ ಫಂಕ್ಷನ್‌ಗಳ ಸಾಲು ಕೊಡುವ ಬಿಟಿ ಕಮಾಂಡ್ ತೋರಿಸುವ ಫಂಕ್ಷನ್ನೇ ತಪ್ಪಿತಸ್ಥ ಎಂದುಕೊಳ್ಳಬೇಡಿ. ಮೆಮೊರಿ ಕೆಡಿಸಿದವರು ಬೇರೆ, ಎಡವಿ ಬಿದ್ದವರು ಬೇರೆ ಇರುವುದೇ ಹೆಚ್ಚು. ಕರ್ನಲ್‌ನ ಮೆಮೊರಿ ಹಂಚಿಕೆಯನ್ನು ತಪಾಸಿಸುವ ಸ್ಲಬ್-ಡಿಬಗ್ ಅನ್ನು ಎಫ್, ಝಡ್, ಪಿ, ಯು ಆಯ್ಕೆಗಳೊಂದಿಗೆ ಬೂಟ್ ಸಾಲಿಗೆ ಸೇರಿಸಿ. ಬಿಟ್ಟುಕೊಟ್ಟ ಮೆಮೊರಿಯಲ್ಲಿ 6ಬಿ ಎಂಬ ಗುರುತಿನ ಬೈಟ್ ತುಂಬಿಕೊಳ್ಳುತ್ತದೆ, ಅದನ್ನು ಪಡೆದವರು, ಬಿಟ್ಟವರು ಯಾರೆಂಬ ದಾಖಲೆಯೂ ಉಳಿಯುತ್ತದೆ. ಸರ್ವರ್ ನಿಧಾನವಾಗುತ್ತದೆ, ದೋಷ ಸಿಕ್ಕಮೇಲೆ ತೆಗೆಯಿರಿ.